ಮೂವತ್ತು ಗೂಡಿನ ಕಪಾಟು

ಹಲ್ಲಮ್ಮನಿಗೆ ಮುಖಗಳು ನೆನಪಿರುವುದಿಲ್ಲ. ಬಸ್ಸಿನಲ್ಲಿ ಎದುರು ಕೂತವರು ಹತ್ತು ವರ್ಷದ ಪರಿಚಯದವರಾದರೂ ಸರಿ, ಬಾಯಿ ಬಿಟ್ಟು ನಗುವ ತನಕ ಅವಳ ಪಾಲಿಗೆ ಅವರು ಯಾರೋ. ನಕ್ಕರೋ, ತಕ್ಷಣ ಗುರುತು ಹತ್ತುತ್ತದೆ: ಮೇಲಿನ ಎಡಗಡೆ ಎರಡು ನಮ್ಮವು, ಕೋರೆಹಲ್ಲು ಸ್ವಂತದ್ದು, ಕೆಳಗಿನ ಸಾಲು ಇನ್ಯಾವನೋ ಅವಸರದಲ್ಲಿ ಮಾಡಿದ್ದು. ಆ ಅವಸರದವನಿಗೆ ಮನಸ್ಸಿನಲ್ಲೇ ಎರಡು ಮಾತು ಬೈದು, ಆಮೇಲೆ "ಚೆನ್ನಾಗಿದ್ದೀರಾ?" ಎಂದು ಕೇಳುತ್ತಾಳೆ.

ಅವಳ ನಿಜವಾದ ಹೆಸರು ಬ್ಯಾಂಕಿನ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಮೂವತ್ತೆರಡು ವರ್ಷದಿಂದ ಬೇರೆಯವರ ಬಾಯಿಗೆ ಹಲ್ಲು ಮಾಡಿಕೊಡುತ್ತಿರುವವಳನ್ನು ಜನ ಮತ್ತೇನೆಂದು ಕರೆಯಬೇಕು? ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅದರಿಂದ ಪ್ಲಾಸ್ಟರಿನ ಅಚ್ಚು ಎರೆದು, ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುವುದು ಅವಳ ವರ್ಕ್‌ಶಾಪಿನ ಕೆಲಸ. ಹಳೆಯ ಕಟ್ಟಡದ ಮೊದಲ ಮಹಡಿ, ಮೂರು ಕೋಣೆ, ಎಂಟು ಜನ, ಮೆಟ್ಟಿಲ ತುಂಬ ಪ್ಲಾಸ್ಟರಿನ ಬಿಳಿ ಹೆಜ್ಜೆಗಳು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಇಲ್ಲಿ ಟ್ರೇ ತೊಳೆಯುತ್ತಿದ್ದಳು. ತೊಳೆಯುತ್ತಲೇ ಗಂಡ ಮೇಣದಲ್ಲಿ ಹಲ್ಲು ಕೂರಿಸುವುದನ್ನು ಕದ್ದು ಕದ್ದು ನೋಡಿ ಕಲಿತಳು. ಅವನು ಜ್ವರ ಬಂದು ಮಲಗಿದ್ದ ವಾರ ಒಂದು ಪೂರ್ತಿ ಸೆಟ್ಟು ತಾನೇ ಮಾಡಿ ಕಳಿಸಿದಳು. ವೈದ್ಯರು ಫೋನ್ ಮಾಡಿ, "ಈ ಸಲ ನಿಮ್ಮ ಕೈ ತುಂಬಾ ಚೆನ್ನಾಗಿ ಕೂತಿದೆ" ಎಂದು ಗಂಡನನ್ನು ಹೊಗಳಿದರು. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತನ್ನ ಮೇಣದ ಚಾಕು ಅವಳ ಕೈಗೆ ಕೊಟ್ಟು, ತಾನು ಪಾಲಿಶ್ ಯಂತ್ರದ ಮುಂದೆ ಹೋಗಿ ಕೂತ. ಅವನು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಚಾಕು ಇನ್ನೂ ಅದೇ.

ಗಂಡ ಅವಳಿಗೆ ಬಿಟ್ಟುಹೋದದ್ದು ಮೂರು: ಚಾಕು, ತನ್ನ ಅಣ್ಣ, ಮತ್ತು ಒಂದು ಮರದ ಕಪಾಟು. ಅಣ್ಣ, ಎಂದರೆ ಅವಳ ಭಾವ, ಪ್ಲಾಸ್ಟರ್ ಕೋಣೆಯ ಒಡೆಯ. ಅರವತ್ತಾರು ವರ್ಷ, ಮದುವೆ ಇಲ್ಲ, ಒಂದು ಕಿವಿ ಪೂರ್ತಿ ಮಂದ. ಇನ್ನೊಂದು ತನಗೆ ಬೇಡವಾದಾಗ ಮಂದ. ಪ್ಲಾಸ್ಟರ್ ಬಿಟ್ಟು ಅವನಿಗೆ ಜಗತ್ತಿನಲ್ಲಿ ಬೇರೇನೂ ಬರುವುದಿಲ್ಲ, ಆದರೆ ಪ್ಲಾಸ್ಟರನ್ನು ಅವನ ಹಾಗೆ ಕಲಸುವವರು ಇನ್ನೊಬ್ಬರಿಲ್ಲ.

ಕಪಾಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ರಾಮಾಯಣವೆಲ್ಲ ಅದರದ್ದೇ. ಐದು ಸಾಲು, ಸಾಲಿಗೆ ಆರು ಗೂಡು, ಒಟ್ಟು ಮೂವತ್ತು. ಒಂದೊಂದು ಬಾಯಿಗೆ ಒಂದೊಂದು ಟ್ರೇ, ಟ್ರೇಯಲ್ಲಿ ನಂಬರಿನ ಚೀಟಿ. ಮೇಲಿನ ಸಾಲಿನಲ್ಲಿದ್ದರೆ ಅಚ್ಚಿನ ಕೆಲಸ, ಆಮೇಲೆ ಮೇಲಿನ ಕೆಳಗಿನ ಹಲ್ಲು ಕಚ್ಚುವ ಅಳತೆ, ಮೇಣ, ಬೇಯಿಸುವುದು, ಕೊನೆಯ ಸಾಲು ಪಾಲಿಶ್. ಅಡ್ಡಸಾಲು ಕೆಲಸವಾದರೆ ಉದ್ದಸಾಲು ವಾರ: ಎಡತುದಿ ಸೋಮವಾರ, ಬಲತುದಿ ಶನಿವಾರ. ಟ್ರೇ ಯಾವ ದಿನದ ಗೂಡಿನಲ್ಲಿದೆಯೋ ಆ ದಿನ ಅದು ವೈದ್ಯರ ಕೈಗೆ ಹೋಗಬೇಕು. ಗೂಡಿನ ಅಂಚಿಗಿದ್ದರೆ ಈ ವಾರ, ಹಿಂದಕ್ಕೆ ತಳ್ಳಿದ್ದರೆ ಮುಂದಿನ ವಾರ. ಅಡ್ಡಡ್ಡ ಇಟ್ಟಿದ್ದರೆ ದೂರು ಬಂದದ್ದು, ಹಲ್ಲಮ್ಮ ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಕೆಲಸ ಹೊರಗೆ ಹೋದ ಮೇಲೂ ಚೀಟಿಯ ಸಮೇತ ಖಾಲಿ ಟ್ರೇ ಕಿಟಕಿಯ ಕಟ್ಟೆಯ ಮೇಲೆ ಒಂದು ವಾರ ಕೂತಿರುತ್ತದೆ. ಅಷ್ಟರಲ್ಲಿ ರೋಗಿ 'ಚುಚ್ಚುತ್ತೆ' ಎಂದೋ 'ಅಲ್ಲಾಡುತ್ತೆ' ಎಂದೋ ವಾಪಸು ಬರದಿದ್ದರೆ ಟ್ರೇ ತೊಳೆಯುತ್ತಾರೆ. ತೊಳೆದರೆ ಆ ಕೆಲಸ ಮುಗಿದ ಹಾಗೆ. ಇದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಹೀಗಿರುವಾಗ ದೊಡ್ಡ ದಂತ ಆಸ್ಪತ್ರೆಯಿಂದ ಒಂದು ಪತ್ರ ಬಂತು. ಇನ್ನು ಆರು ತಿಂಗಳಿಗೆ, ತಮ್ಮ ಕೆಲಸ ಮಾಡುವ ಪ್ರತಿ ವರ್ಕ್‌ಶಾಪೂ ಯಾವ ರೋಗಿಯ ಹಲ್ಲು ಯಾವ ಹಂತದಲ್ಲಿದೆ, ಯಾವ ದಿನ ಬರುತ್ತದೆ ಎಂಬುದನ್ನು ಕಂಪ್ಯೂಟರ್ ಪರದೆಯಲ್ಲಿ ತೋರಿಸಬೇಕು. ತೋರಿಸದವರಿಗೆ ಕೆಲಸ ನಿಲ್ಲುತ್ತದೆ. ಹಲ್ಲಮ್ಮನ ವರ್ಕ್‌ಶಾಪಿಗೆ ಬರುವ ಮೂರು ಬಾಯಲ್ಲಿ ಎರಡು ಆ ಆಸ್ಪತ್ರೆಯವು. ಅವು ನಿಂತರೆ ಎಂಟು ಜನರಲ್ಲಿ ಐದು ಜನ ಮನೆಗೆ ಹೋಗಬೇಕು, ಮತ್ತು ಮೊದಲು ಹೋಗಬೇಕಾದವನು ಭಾವ. ಬೇರೆ ಯಾವ ವರ್ಕ್‌ಶಾಪಿನವರು ಕಿವಿ ಕೇಳದ ಅರವತ್ತಾರರ ಮುದುಕನನ್ನು ಕರೆದು ಪ್ಲಾಸ್ಟರ್ ಕಲಸಿಸುತ್ತಾರೆ? ಪತ್ರವನ್ನು ಎರಡು ಸಲ ಓದಿ, ಹಲ್ಲಮ್ಮ ಅದನ್ನು ಭಾವನ ಕಣ್ಣಿಗೆ ಬೀಳದ ಹಾಗೆ ಮೇಣದ ಡಬ್ಬಿಯ ಕೆಳಗಿಟ್ಟಳು.

ವಿಚಾರಿಸಿದಾಗ ಒಂದು ಸಾಫ್ಟ್‌ವೇರ್ ಕಂಪನಿಯವರು ಓಡಿ ಬಂದರು. ಕಡಿಮೆಗೇ ಮಾಡಿಕೊಡುತ್ತೇವೆ, ಆದರೆ ನಮ್ಮ ಹೊಸ ಪದ್ಧತಿಯ ಪ್ರಕಾರ ಮಾಡುತ್ತೇವೆ, ನಿಮ್ಮದನ್ನು ಮಾದರಿ ಕೆಲಸ ಎಂದು ನಾಲ್ಕು ಕಡೆ ತೋರಿಸುತ್ತೇವೆ, ಅಷ್ಟೆ ಎಂದರು. ಬಂದವರು ನಾಲ್ಕು ಜನ. ಬಾಯಿ ಬಿಡದ ಇಬ್ಬರು ಗಡ್ಡದವರು, ಒಬ್ಬಳು ಕನ್ನಡಕದವಳು, ಮತ್ತು ಅವರ ಮುಂದಾಳು. ಈ ಮುಂದಾಳು ಪ್ರೋಗ್ರಾಂ ಬರೆಯುವವನಲ್ಲ, ಬರೆಯುವವರು ಹೇಗೆ ಬರೆಯಬೇಕೆಂದು ಹೇಳಿಕೊಡುವವನು. ನಲವತ್ತರ ಆಸುಪಾಸು, ಗರಿಗರಿ ಶರ್ಟು, ಕೈಯಲ್ಲಿ ಬಣ್ಣಬಣ್ಣದ ಅಂಟುಚೀಟಿಗಳ ಕಟ್ಟು. ಹಲ್ಲಮ್ಮ ನೋಡಿದ್ದು ಅವನ ಬಾಯಿಯನ್ನು: ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದು, ಬಲಗಡೆಯದು ಒಂದು ಕೂದಲೆಳೆಯಷ್ಟು ಒಳಕ್ಕೆ ತಿರುಗಿದೆ, ಕಡಿಯಲು ಅಷ್ಟೇನೂ ಬಳಸಿಲ್ಲ, ಮಾತಿಗೆ ಬಳಸಿ ಬಳಸಿ ಒಣಗಿದೆ. ವಾರದೊಳಗೆ ಭಾವ ಅವನಿಗೆ ಚೀಟಿಗುರು ಎಂದು ಹೆಸರಿಟ್ಟ.

"ನಂಗೆ ಬೇಕಾಗಿರೋದು ಮೂರೇ ಮಾತು," ಎಂದಳು ಹಲ್ಲಮ್ಮ ಮೊದಲ ದಿನವೇ. "ಯಾರ ಹಲ್ಲು, ಎಲ್ಲಿವರೆಗೆ ಬಂದಿದೆ, ಯಾವತ್ತು ಹೋಗುತ್ತೆ. ಇಷ್ಟು ಪರದೆ ಮೇಲೆ ಕಂಡ್ರೆ ಸಾಕು. ಆರು ತಿಂಗಳಿದೆ."

"ಮೇಡಂ, ನಾವು ಹಾಗೆಲ್ಲ ಮೊದಲೇ ಎಲ್ಲಾ ತೀರ್ಮಾನ ಮಾಡಲ್ಲ," ಎಂದ ಚೀಟಿಗುರು, ಮಗುವಿಗೆ ಹೇಳುವ ದನಿಯಲ್ಲಿ. "ಅದು ಹಳೇ ಕಾಲದ ಪದ್ಧತಿ. ಎರಡೆರಡು ವಾರಕ್ಕೆ ಒಂದೊಂದು ಸ್ಪ್ರಿಂಟ್, ಅಂದ್ರೆ ಸಣ್ಣ ಓಟ, ಓಡ್ತೀವಿ. ಪ್ರತಿ ಸಲ ಸಣ್ಣದಾಗಿ ಏನಾದ್ರೂ ಕೊಡ್ತೀವಿ. ನೀವು ಬಳಸಿ ನೋಡಿ ಹೇಳ್ತೀರಿ, ನಾವು ಬದಲಾಯಿಸ್ತೀವಿ."

"ಅಂದ್ರೆ ನಾನು ಬಾಯಲ್ಲಿ ಒಂದೂ ಹಲ್ಲಿಲ್ಲದೋರಿಗೆ ಈ ವಾರ ಎರಡು ಹಲ್ಲು ಕೊಟ್ಟು, 'ಅಗಿದು ನೋಡಿ, ಹೇಗಿದೆ ಹೇಳಿ, ಮಿಕ್ಕಿದ್ದು ಆಮೇಲೆ ನೋಡೋಣ' ಅಂದಹಾಗೆ?"

"ಕರೆಕ್ಟ್ ಮೇಡಂ! ನಿಮಗೆ ಎಷ್ಟು ಬೇಗ ಅರ್ಥ ಆಯ್ತು ನೋಡಿ!" ಎಂದು ಅವನು ಸಂತೋಷದಿಂದ ಹಳದಿ ಚೀಟಿಯಲ್ಲಿ ಅದನ್ನು ಬರೆದುಕೊಂಡ. ಚುಚ್ಚಿದ್ದು ಚುಚ್ಚಿದೆ ಎಂದು ಕೂಡ ಗೊತ್ತಾಗದ ಮನುಷ್ಯನಿಗೆ ಏನು ಹೇಳುವುದು? ಹಲ್ಲಮ್ಮ ಮೇಣದ ದೀಪ ಹಚ್ಚಿಕೊಂಡು ಕೆಲಸಕ್ಕೆ ಕೂತಳು.

ಓಟ ಶುರುವಾಯಿತು. ದಿನಾ ಬೆಳಿಗ್ಗೆ ಹತ್ತಕ್ಕೆ ಅವರೆಲ್ಲ ತಮ್ಮ ಆಫೀಸಿನಲ್ಲಿ ನಿಂತುಕೊಂಡು ಮಾತಾಡುವ ಸಭೆ. ಹಲ್ಲಮ್ಮ ಫೋನಿನಲ್ಲಿ ಸೇರಬೇಕು. ನಿಂತುಕೊಂಡೇ ಏಕೆ ಎಂದು ಕೇಳಿದ್ದಕ್ಕೆ, ನಿಂತರೆ ಕಾಲು ನೋಯುತ್ತದೆ, ಸಭೆ ಬೇಗ ಮುಗಿಯುತ್ತದೆ ಎಂದರು. ಮುಗಿಯುತ್ತಿರಲಿಲ್ಲ. ಚೀಟಿಗುರುವಿನ ಕಾಲು ಬಲವಾಗಿತ್ತು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನು ಎಂದು ಒಬ್ಬೊಬ್ಬರೂ ಒಪ್ಪಿಸಬೇಕು. ಒಂದು ಗಡ್ಡ ಮೂರು ವಾರ ಸತತವಾಗಿ "ನಿನ್ನೆ ಲಾಗಿನ್ ಪುಟ, ಇವತ್ತು ಲಾಗಿನ್ ಪುಟ, ಅಡ್ಡಿ ಏನೂ ಇಲ್ಲ" ಎಂದಿತು. ಹತ್ತು ಗಂಟೆಯೆಂದರೆ ಮೇಣ ಹದಕ್ಕೆ ಬರುವ ಹೊತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚಾಕು ಹಿಡಿದು ಹಲ್ಲಮ್ಮನ ಕುತ್ತಿಗೆ ಹಿಡಿದುಕೊಂಡಿತು. ನಾಲ್ಕನೆಯ ವಾರ ಅವಳು ಫೋನನ್ನು ಭಾವನ ಮಂದ ಕಿವಿಯ ಪಕ್ಕ ಇಟ್ಟಳು. ಭಾವ ಪ್ಲಾಸ್ಟರ್ ಕಲಸುತ್ತ ಆಗಾಗ "ಹೂಂ" ಎನ್ನುತ್ತಿದ್ದ. ಗ್ರಾಹಕರ ಸಹಕಾರ ಈಗ ಬಹಳ ಸುಧಾರಿಸಿದೆ ಎಂದು ಚೀಟಿಗುರು ಮೆಚ್ಚಿಕೊಂಡ.

ಎರಡು ವಾರಕ್ಕೊಮ್ಮೆ ಅವರ ಆಫೀಸಿಗೆ ಹೋಗಿ ಕೂರಬೇಕಿತ್ತು. ಅಲ್ಲಿ ನಡೆಯುವುದನ್ನು ಕಣ್ಣಾರೆ ಕಂಡಿದ್ದರಿಂದ ಮಾತ್ರ ಹಲ್ಲಮ್ಮ ನಂಬಿದಳು. ಗ್ರಾಹಕರ ಬೇಡಿಕೆಯನ್ನು ಅವರು ಕಥೆ ಎನ್ನುತ್ತಿದ್ದರು. ಕಥೆಯನ್ನು ಒಂದೇ ಅಚ್ಚಿನಲ್ಲಿ ಬರೆಯಬೇಕು: "ವರ್ಕ್‌ಶಾಪಿನ ಒಡತಿಯಾಗಿ, ನನಗೆ ಇಂಥದ್ದು ಬೇಕು, ಏಕೆಂದರೆ ಇಂಥದ್ದು." ಅವಳ ಮೂರು ಮಾತು ಹೀಗೆ ಅರವತ್ತೆರಡು ಕಥೆಯಾಗಿ ಗೋಡೆ ಹತ್ತಿದವು. ಆಮೇಲೆ ಬೆಳೆದ ಗಂಡಸರು ಮೇಜಿನ ಸುತ್ತ ಕೂತು, ನಂಬರ್ ಬರೆದ ಇಸ್ಪೀಟಿನಂಥ ಎಲೆಗಳನ್ನು ಎದೆಗೆ ಒತ್ತಿ ಹಿಡಿದು, ಒಂದು ಎರಡು ಮೂರು ಎಂದು ಒಟ್ಟಿಗೆ ಎತ್ತಿ ತೋರಿಸುತ್ತಿದ್ದರು. ಕಥೆ ಎಷ್ಟು ಕಷ್ಟ ಎಂದು ಅಳೆಯುವ ವಿಧಾನವಂತೆ. "ಐದು!" "ಎಂಟು!" "ನೀನ್ಯಾಕೆ ಹದಿಮೂರು?" ಎಷ್ಟು ದಿನ ಹಿಡಿಯುತ್ತದೆ ಎಂದು ಹಲ್ಲಮ್ಮ ಕೇಳಿದರೆ, ಇದು ದಿನದ ಲೆಕ್ಕವಲ್ಲ, ಅಂಕ ಎಂದರು. ಅಂಕ ಎಂದರೆ ಏನು ಎಂದರೆ, ಅದನ್ನು ಹೇಳಲು ಬರುವುದಿಲ್ಲ, ತಂಡಕ್ಕೆ ಅದು ಒಳಗೇ ಗೊತ್ತಿರುತ್ತದೆ ಎಂದರು. ಒಂದು ಸೆಟ್ಟು ಎಷ್ಟು ದಿನಕ್ಕೆ ಕೊಡುತ್ತೀರಿ ಎಂದು ವೈದ್ಯರು ಕೇಳಿದಾಗ 'ಎಂಟು ಅಂಕ' ಎಂದರೆ, ಅವರು ಮಾರನೆಯ ದಿನವೇ ಬೇರೆ ವರ್ಕ್‌ಶಾಪು ಹುಡುಕುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಒಂದು ದಿನವಂತೂ, ಅರ್ಧ ದಿನ ಪೂರ್ತಿ, 'ಮುಗಿಯಿತು ಎಂದರೇನು' ಎಂಬ ಬಗ್ಗೆಯೇ ಸಭೆ. ಬರೆದಾದರೆ ಮುಗಿಯಿತೇ, ಪರೀಕ್ಷಿಸಿದರೆ ಮುಗಿಯಿತೇ, ತೋರಿಸಿದರೆ ಮುಗಿಯಿತೇ. ಕೊನೆಗೆ ಹಲ್ಲಮ್ಮನನ್ನೇ ಕೇಳಿದರು.

"ನಮ್ಮಲ್ಲಿ ಟ್ರೇ ತೊಳೆದ್ರೆ ಮುಗೀತು."

"ಅಂದ್ರೆ, ಮೇಡಂ?"

"ಅಂದ್ರೆ ಆ ರೋಗಿ ಒಂದು ವಾರ ಊಟ ಮಾಡಿ, ಮಾತಾಡಿ, ನಕ್ಕು, ನಮ್ಮ ಹೆಸರು ಮರೆತುಬಿಟ್ಟಿದ್ರೆ ಮುಗೀತು."

"ಎಂಥಾ ಮಾತು!" ಎಂದು ಚೀಟಿಗುರು ಹಸಿರು ಚೀಟಿಯಲ್ಲಿ ಬರೆದು ಗೋಡೆಯ ನಟ್ಟನಡುವೆ ಅಂಟಿಸಿ, ಅದರ ಫೋಟೋ ತೆಗೆದುಕೊಂಡ. ಮಾರನೆಯ ವಾರ ಲಾಗಿನ್ ಪುಟ ಮುಗಿದಿದೆ ಎಂದು ಘೋಷಿಸಿದರು. ಅದು ಹಲ್ಲಮ್ಮನ ಪಾಸ್‌ವರ್ಡನ್ನು ಮೂರು ಸಲ ಒಪ್ಪಲಿಲ್ಲ, ನಾಲ್ಕನೆಯ ಸಲ ಅವಳನ್ನೇ ಹೊರಗೆ ಹಾಕಿ ಬಾಗಿಲು ಮುಚ್ಚಿತು.

ಐದು ತಿಂಗಳು ಕಳೆದವು. ಓಡಿದ್ದೇ ಓಡಿದ್ದು, ತಲುಪಿದ್ದು ಮಾತ್ರ ಎಲ್ಲಿಗೂ ಇಲ್ಲ. ಬಣ್ಣ ಬದಲಾಯಿಸುವ ಬಟನ್ ಬಂತು. ಹಲ್ಲಿನ ಆಕಾರದ ಗುರುತು ಬಂತು, ಅದರಲ್ಲೂ ದವಡೆ ಹಲ್ಲಿಗೆ ಮುಂದಿನ ಹಲ್ಲಿನ ಬೇರು ಬರೆದಿದ್ದರು. 'ತಂಡದ ವೇಗ' ತೋರಿಸುವ ಒಂದು ಗೆರೆ ಮೇಲೆ ಮೇಲೆ ಹೋಗುತ್ತಲೇ ಇತ್ತು. ಯಾವ ದಿನ ಹೋಗುತ್ತದೆ ಎಂಬ ಕಥೆ ಮಾತ್ರ ಗೋಡೆಯ ಕೆಳಗಿನ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು, ಏಕೆಂದರೆ ಅದಕ್ಕೆ ಇಪ್ಪತ್ತೊಂದು ಅಂಕ ಬಿದ್ದಿತ್ತು, ಅಷ್ಟು ದೊಡ್ಡ ಕಥೆ ಯಾವ ಸ್ಪ್ರಿಂಟಿನಲ್ಲೂ ಹಿಡಿಸುತ್ತಿರಲಿಲ್ಲ. ಹಲ್ಲಮ್ಮ ಒಂದು ದಿನ ತಡೆಯಲಾರದೆ ಮೇಜು ಗುದ್ದಿದಳು. ಚೀಟಿಗುರು ಶಾಂತವಾಗಿ, ಈ ಅಸಮಾಧಾನವನ್ನು ತಾನು ಗೌರವಿಸುತ್ತೇನೆ, ಸೋಲುವುದಾದರೆ ಬೇಗ ಸೋಲಬೇಕು, ಅದರಲ್ಲೇ ಕಲಿಕೆ ಇದೆ ಎಂದ.

"ಸೋಲೋಕೆ ನಿಮಗೆ ಪುರುಸೊತ್ತಿದೆಯಪ್ಪಾ," ಎಂದಳು ಹಲ್ಲಮ್ಮ. "ನಮ್ಮ ಕಡೆ ಐದು ಜನರ ಕೆಲಸ ಹೋಗುತ್ತೆ."

ಆವತ್ತು ಮೆಟ್ಟಿಲಿಳಿಯುವಾಗ ಕನ್ನಡಕದವಳು ಹಿಂದೆಯೇ ಬಂದಳು. ಮೂವತ್ತರ ಹೆಂಗಸು, ಸಭೆಗಳಲ್ಲಿ ಬಾಯಿ ತೆರೆದವಳಲ್ಲ. "ಅಮ್ಮಾ, ನೀವು ಕೇಳ್ತಿರೋದು ಎರಡು ದಿನದ ಕೆಲಸ. ನಂಗೆ ಗೊತ್ತು. ಆದ್ರೆ ಸಭೆ ಇಲ್ಲದ ಎರಡು ದಿನ ಒಟ್ಟಿಗೆ ನಂಗೆ ಸಿಕ್ಕೇ ಇಲ್ಲ," ಎಂದಳು. ಹಲ್ಲಮ್ಮ ಅವಳ ಹಲ್ಲು ನೋಡಿದಳು. ಸಿಟ್ಟಿಗೆ ದವಡೆ ಕಚ್ಚಿ ಕಚ್ಚಿ ತುದಿ ಸವೆದಿದ್ದವು. ಇವಳೊಬ್ಬಳು ಕೆಲಸದವಳು ಎಂದು ಆಗಲೇ ತೀರ್ಮಾನಿಸಿದಳು.

ಆಸ್ಪತ್ರೆಯ ಗಡುವಿಗೆ ಹನ್ನೆರಡು ದಿನ ಉಳಿದಿದ್ದಾಗ ಚೀಟಿಗುರು ಹೊಸದೊಂದು ಆಲೋಚನೆ ತಂದ. ಗ್ರಾಹಕರ ಜಾಗದಲ್ಲೇ ಕೂತು ಕೆಲಸ ಮಾಡಬೇಕು, ಭಾನುವಾರ ವರ್ಕ್‌ಶಾಪಿಗೆ ರಜ ಇರುತ್ತದಲ್ಲ, ಕೀ ಕೊಡಿ ಎಂದ. ಗಡುವು ಕತ್ತಿನ ಮೇಲೆ ಕೂತಿತ್ತು, ಹಲ್ಲಮ್ಮ ಕೀ ಕೊಟ್ಟಳು. ಅಷ್ಟು ವರ್ಷದಲ್ಲಿ ಅವಳು ಮಾಡಿದ ಒಂದೇ ಒಂದು ಪೆದ್ದು ಕೆಲಸ ಅದು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದವನು ಭಾವ. ಹಿಂದೆ ಬಂದ ಹಲ್ಲಮ್ಮ ಅವನ ಬೆನ್ನಿಗೆ ಡಿಕ್ಕಿ ಹೊಡೆದು ನಿಂತಳು. ಕಪಾಟು ಇರುವ ಜಾಗದಲ್ಲಿ ಕಪಾಟಿರಲಿಲ್ಲ, ಚೀಟಿಗಳ ತೋಟವಿತ್ತು. ಹಳದಿ, ಹಸಿರು, ಗುಲಾಬಿ. ಗೋಡೆ ತೇವವಿದ್ದುದರಿಂದ ಚೀಟಿ ಅಂಟಲಿಲ್ಲವಂತೆ. ಅದಕ್ಕೆ ಮಹಾನುಭಾವರು ಮೂವತ್ತು ಗೂಡನ್ನೂ ಖಾಲಿ ಮಾಡಿ, ಕಪಾಟಿನ ಮುಖಕ್ಕೆ ದೊಡ್ಡ ರಟ್ಟು ಬಡಿದು, ಅದರ ಮೇಲೆ ತಮ್ಮ ಅರವತ್ತೆರಡು ಕಥೆ ಅಂಟಿಸಿದ್ದರು. ಗೂಡಿನಲ್ಲಿದ್ದ ನಲವತ್ತಮೂರು ಟ್ರೇಗಳು ಉದ್ದನೆಯ ಮೇಜಿನ ಮೇಲೆ, ಶಾಲೆಯ ಮಕ್ಕಳು ಸಾಲು ನಿಂತ ಹಾಗೆ ನಿಂತಿದ್ದವು.

"ನಂಬರ್ ಪ್ರಕಾರ ಜೋಡಿಸಿದ್ದೀವಿ, ಮೇಡಂ," ಎಂದ ಚೀಟಿಗುರು. ಹೊಗಳಿಕೆ ಕೇಳಲೆಂದೇ ತನ್ನ ತಂಡದ ಜೊತೆ ಬೆಳಿಗ್ಗೆ ಬೇಗ ಬಂದು ಮೆಟ್ಟಿಲ ಬಳಿ ಕಾದಿದ್ದ. "ತುಂಬಾ ಚೆಲ್ಲಾಪಿಲ್ಲಿ ಆಗಿತ್ತು. ಕೆಲವು ಟ್ರೇಗಳಂತೂ ಅಡ್ಡಡ್ಡ!"

ಹಲ್ಲಮ್ಮ ಒಂದೊಂದೇ ಟ್ರೇ ಎತ್ತಿ ನೋಡಿದಳು. ಅಚ್ಚು ನೋಡಿದರೆ ಯಾವ ಹಂತ ಎಂದು ಹೇಳಬಹುದು, ಆದರೆ ಯಾವ ದಿನ ಎಂದು ಅಚ್ಚು ಹೇಳುವುದಿಲ್ಲ. ನಲವತ್ತಮೂರು ಬಾಯಿಗೆ ಕೊಟ್ಟ ನಲವತ್ತಮೂರು ಮಾತು ಆ ಗೂಡುಗಳಲ್ಲಿತ್ತು. ಅದನ್ನು ಒರೆಸಿ ಹಾಕಿದ್ದರು, ಜಾಗ ಬೇಕಾಗಿತ್ತೆಂದು, ಚೀಟಿ ಅಂಟಿಸಲು. ಇವತ್ತು ಸಂಜೆಯೊಳಗೆ ಏಳೋ ಎಂಟೋ ಸೆಟ್ಟು ಹೋಗಬೇಕಿತ್ತು, ಯಾವುವು ಎಂದು ದೇವರಿಗೇ ಗೊತ್ತು. ಹದಿನೇಳು ವೈದ್ಯರಿಗೆ ಫೋನ್ ಮಾಡಿ, ನಾವು ನಿಮಗೆ ಯಾವ ದಿನ ಹೇಳಿದ್ದೆವು ಎಂದು ನಾವೇ ಕೇಳಬೇಕು. ಆ ಸುದ್ದಿ ಮಧ್ಯಾಹ್ನದೊಳಗೆ ಆಸ್ಪತ್ರೆ ಮುಟ್ಟುತ್ತದೆ. ಆಮೇಲೆ ಪರದೆಯೂ ಬೇಡ, ಗಡುವೂ ಬೇಡ.

"ಆಚೆ ಹೋಗಿ," ಎಂದಳು ಕೊನೆಗೆ.

"ಮೇಡಂ, ಇದರಿಂದ ನಾವು ಏನು ಕಲಿತ್ವಿ ಅಂತ ಒಂದು ಸಣ್ಣ ಸಭೆ..."

"ಆಚೆ ಹೋಗಯ್ಯಾ ಅಂದೆ!"

ಈ ಸಲ ಚುಚ್ಚಿದ್ದು ಚೀಟಿಗುರುವಿಗೂ ಗೊತ್ತಾಯಿತು. ಗಡ್ಡದವರೂ ಹಿಂದೆಯೇ ಇಳಿದು ಹೋದರು. ಕನ್ನಡಕದವಳು ಮಾತ್ರ ಬಾಗಿಲ ಬಳಿ ನಿಂತೇ ಇದ್ದಳು.

ಅಷ್ಟರಲ್ಲಿ ಭಾವ ರಟ್ಟನ್ನು ಕಿತ್ತು ನೆಲಕ್ಕೆ ಎಸೆದಿದ್ದ. ಮೇಜಿನಿಂದ ಒಂದು ಟ್ರೇ ಎತ್ತಿದ, ಒಳಗಿನ ಅಚ್ಚಿನ ಮೇಲೆ ಹೆಬ್ಬೆರಳು ಆಡಿಸಿದ, ಕಣ್ಣು ಮುಚ್ಚಿದ. ಅಚ್ಚು ಎರೆದ ಕೈ ಅದು, ದಿನಾ ಸಂಜೆ ಟ್ರೇಗಳನ್ನು ಗೂಡಿನಿಂದ ಗೂಡಿಗೆ ಇಳಿಸಿದ ಕೈಯೂ ಅದೇ. ಕೈ ತಾನಾಗಿ ಮೇಲೆದ್ದು ಮೂರನೆಯ ಸಾಲಿನ ಬಲಗಡೆಗೆ ಹೋಗಿ ನಿಂತಿತು.

"ಶುಕ್ರವಾರ. ಅಂಚಿಗೆ," ಎಂದ. "ಇದು ಅಗಲ ಅಂಗುಳದ್ದು. ಇಡೋವಾಗ ಭಾರ ಗೊತ್ತಾಗುತ್ತೆ."

"ಭಾವ, ಎಲ್ಲಾ ನೆನಪಿದೆಯಾ?" ಎಂದು ಹಲ್ಲಮ್ಮ ಅವನ ಒಳ್ಳೆಯ ಕಿವಿಗೆ ಕೂಗಿದಳು.

"ನಂಗೆಲ್ಲಿ ನೆನಪಿರುತ್ತಮ್ಮಾ. ಕೈಗಿದೆ. ನೀನು ಮಾತಾಡಿಸಬೇಡ."

ಕನ್ನಡಕದವಳು ಸ್ಟೂಲು ಎಳೆದು ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡಳು. ಪರದೆಯ ಮೇಲೆ ಐದು ಸಾಲು ಅಡ್ಡ, ಆರು ಸಾಲು ಉದ್ದ ಚೌಕ ಎಳೆದಳು. ಭಾವ ಟ್ರೇ ಇಡುತ್ತ ಹೋದ, ಅವಳು ಅದೇ ಚೌಕದಲ್ಲಿ ಅದೇ ನಂಬರ್ ಹಾಕುತ್ತ ಹೋದಳು. ಅಂಚಿಗೆ ಎಂದರೆ ದಪ್ಪ ಅಕ್ಷರ, ಹಿಂದಕ್ಕೆ ಎಂದರೆ ತೆಳು, ಅಡ್ಡ ಎಂದರೆ ಕೆಂಪು. ನಲವತ್ತಮೂರರಲ್ಲಿ ನಲವತ್ತು ಭಾವನ ಕೈಯೇ ಹೇಳಿತು. ಉಳಿದ ಮೂರಕ್ಕೆ ಹಲ್ಲಮ್ಮ ಫೋನ್ ಮಾಡಿದಳು, ನೆಪ ಹೇಳದೆ ನೇರವಾಗಿಯೇ ಕೇಳಿದಳು. ಆ ದಿನದ ಎಂಟು ಸೆಟ್ಟು ಸಂಜೆಯೊಳಗೆ ಹೋದವು.

ಕನ್ನಡಕದವಳು ಮಾರನೆಯ ದಿನವೂ ಬಂದಳು. ಹತ್ತು ಗಂಟೆಗೆ ಅವಳ ಫೋನು ಬಡಿದುಕೊಳ್ಳಲು ಶುರುಮಾಡಿದಾಗ ಹಲ್ಲಮ್ಮ ಅದನ್ನೆತ್ತಿ ಭಾವನ ಮಂದ ಕಿವಿಯ ಪಕ್ಕ ಇಟ್ಟಳು. ಅಂದು ಸಂಜೆ, ಲಾಗಿನ್ ಪುಟವನ್ನು ಬಿಸಾಕಿ, ಬಣ್ಣದ ಬಟನ್ ಕಿತ್ತು ಹಾಕಿ, ಪರದೆಯ ಮೇಲೆ ಮೂವತ್ತು ಗೂಡಿನ ಕಪಾಟೊಂದು ನಿಂತಿತು. ವೈದ್ಯರು ನಂಬರ್ ಹಾಕಿದರೆ ಒಂದು ಗೂಡು ಹೊಳೆಯುತ್ತದೆ, ಅಷ್ಟೆ. ಮುಂದಿನ ವಾರ ಬಂದ ಆಸ್ಪತ್ರೆಯ ಅಧಿಕಾರಿ ಆರು ನಂಬರ್ ಹಾಕಿ ನೋಡಿದ. ಆರಕ್ಕೂ ಟ್ರೇ ಪರದೆಯಲ್ಲಿದ್ದ ಗೂಡಿನಲ್ಲೇ ಇತ್ತು. ಕಾಗದಕ್ಕೆ ಸಹಿ ಮಾಡಿ ಹೋದ. ಮೇಣದ ಡಬ್ಬಿಯ ಕೆಳಗಿದ್ದ ಪತ್ರವನ್ನು ಹಲ್ಲಮ್ಮ ಆಗ ಭಾವನಿಗೆ ಓದಲು ಕೊಟ್ಟಳು. ಭಾವ ಓದಿ, "ಇದು ನಂಗೆ ಮೊದಲ ದಿನವೇ ಗೊತ್ತಿತ್ತು. ಡಬ್ಬಿ ಎತ್ತದೆ ಮೇಣ ತೆಗೆಯೋದು ಹೇಗೆ?" ಎಂದ. ಹಲ್ಲಮ್ಮನಿಗೆ ಅಳು ಬಂತು. ಯಾರಿಗೂ ಕೇಳದಿರಲೆಂದು ಪಾಲಿಶ್ ಯಂತ್ರ ಹಾಕಿಕೊಂಡು ಕೂತಳು.

ಸಭೆ ತಪ್ಪಿಸಿದ್ದಕ್ಕೆ ಕಂಪನಿಯಲ್ಲಿ ಕನ್ನಡಕದವಳನ್ನು ಕರೆದು, ಅವಳಿಗೆ ತಂಡದ ಮನೋಭಾವ ಇಲ್ಲ ಎಂದರಂತೆ. ತಿಂಗಳು ತುಂಬುವ ಮೊದಲೇ ಅವಳು ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿದಳು. ವರ್ಕ್‌ಶಾಪಿನಲ್ಲಿ ಉಳಿದುಹೋಗಿದ್ದ ಅಂಟುಚೀಟಿಯ ಕಟ್ಟುಗಳಲ್ಲಿ ಭಾವ ತನ್ನ ಪ್ಲಾಸ್ಟರಿನ ಚಾಕು ಒರೆಸಲು ಶುರುಮಾಡಿದ. ಅದಕ್ಕೆ ಚೆನ್ನಾಗಿಯೇ ಇದ್ದವು.

ಮೂರು ತಿಂಗಳ ಮೇಲೆ ಆಸ್ಪತ್ರೆಯಿಂದ ಒಂದು ಬಾಯಿಯ ಅಳತೆ ಬಂತು. ಮೇಲಿನ ಮುಂಭಾಗದ ಬಲಗಡೆಯ ಹಲ್ಲು ಮುರಿದು ಬೇರು ಕಿತ್ತಿದ್ದಾರೆ, ಒಂದೇ ಹಲ್ಲಿನ ಪ್ಲೇಟು ಬೇಕು. ಭಾವ ಎರೆದ ಅಚ್ಚನ್ನು ಕೈಗೆತ್ತಿಕೊಂಡ ಹಲ್ಲಮ್ಮನಿಗೆ ಹೆಸರು ನೋಡುವ ಅಗತ್ಯ ಬೀಳಲಿಲ್ಲ. ಆ ಬಾಯಿಯನ್ನು ಐದು ತಿಂಗಳು ಎದುರು ಕೂತು ನೋಡಿದ್ದಾಳೆ. ಮಧ್ಯಾಹ್ನ ಫೋನೂ ಬಂತು.

"ಮೇಡಂ, ನಾನು..." ಎಂದ ಚೀಟಿಗುರು. ಮುಂದಿನ ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತಿತ್ತು. "ಗುರುವಾರ ನಂದೊಂದು ದೊಡ್ಡ ಉಪನ್ಯಾಸ ಇದೆ. ಮುನ್ನೂರು ಜನ. ಬುಧವಾರದೊಳಗೆ ಖಂಡಿತ ಆಗುತ್ತಾ? ದಿನಾಂಕ ಗ್ಯಾರಂಟಿ ಹೇಳ್ಬೇಕು, ಮೇಡಂ."

ದಿನಾಂಕ ಗ್ಯಾರಂಟಿ! ಹಲ್ಲಮ್ಮನ ನಾಲಿಗೆಯ ತುದಿಗೆ ಒಂದು ಲೋಡು ಮಾತು ಬಂದು ನಿಂತವು. ಫೋನಿನ ದನಿ ಕೋಣೆಗೆಲ್ಲ ಕೇಳುತ್ತಿತ್ತು. ಎಲ್ಲರೂ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ಬುಧವಾರ ಬೆಳಿಗ್ಗೆ," ಎಂದಷ್ಟೇ ಹೇಳಿ ಇಟ್ಟಳು.

"ಮೇಣದ ಹಲ್ಲು ಮಾಡಿ ಕಳಿಸೋಣಮ್ಮಾ," ಎಂದ ಭಾವ. ಬೇಕಾದದ್ದು ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. "ಮೊದಲ ಓಟಕ್ಕೆ ಅಷ್ಟು ಸಾಕು. ಭಾಷಣದ ಮಧ್ಯೆ ಕರಗಲಿ. ಬೇಗ ಸೋತು ಕಲೀಲಿ."

ಮೂರು ಕೋಣೆಯೂ ನಕ್ಕಿತು. ಹಲ್ಲಮ್ಮನೂ ನಕ್ಕಳು. ಒಂದು ಕ್ಷಣ ಆಸೆಯೂ ಆಯಿತು, ಅದನ್ನು ಮುಚ್ಚಿಡುವುದೇಕೆ? ಆದರೆ ಟ್ರೇಯನ್ನು ಬುಧವಾರದ ಗೂಡಿನ ಅಂಚಿಗೆ ಇಟ್ಟಳು. ಅವನಿಗಾಗಿ ತನ್ನ ಕೈಯ ಕೆಲಸ ಕೆಡಿಸಿಕೊಳ್ಳುವಷ್ಟು ದೊಡ್ಡ ಮನುಷ್ಯ ಅವನಲ್ಲ. ಬಣ್ಣದ ಮಾದರಿಗಳಲ್ಲಿ ಒಣಗಿದ ಹಲ್ಲಿನ ಆ ಬೂದು ಬಿಳುಪನ್ನು ಹುಡುಕಿದಳು, ನಡುವಿನ ಸಂದನ್ನು ಹಾಗೆಯೇ ಬಿಟ್ಟಳು, ಹಲ್ಲನ್ನು ಒಂದು ಕೂದಲೆಳೆ ಒಳಕ್ಕೆ ತಿರುಗಿಸಿ ಕೂರಿಸಿದಳು. ಕಟ್ಟಿಸಿದ್ದೆಂದು ಅವನ ಹೆಂಡತಿಗೂ ಗೊತ್ತಾಗಬಾರದು, ಹಾಗೆ. ಬುಧವಾರ ಬೆಳಿಗ್ಗೆ ಅದು ಹೋಯಿತು, ಖಾಲಿ ಟ್ರೇ ಕಿಟಕಿಯ ಕಟ್ಟೆ ಸೇರಿತು.

ಒಂದು ವಾರ ಕಳೆದ ಮೇಲೆ ಕನ್ನಡಕದವಳು ಬಂದಳು, ಆಗಾಗ ಬರುವ ಹಾಗೆ. ಆ ಉಪನ್ಯಾಸಕ್ಕೆ ಅವಳೂ ಹೋಗಿದ್ದಳು, ಚೀಟಿಗುರುವಿನ ಹೊಸ ಹಲ್ಲು ಎಲ್ಲಿಯದೆಂದು ಭಾವ ಅವಳಿಗೆ ಮೊದಲೇ ಹೇಳಿದ್ದ. ಸ್ಟೂಲಿನ ಮೇಲೆ ಕೂತು, ಸಿಟ್ಟಿನಿಂದ ದವಡೆ ಬಿಗಿದು ಹೇಳಿದಳು.

"ನಿಮ್ಮ ವಿಷಯವೇ, ಅಮ್ಮಾ. ಒಂದೂವರೆ ಗಂಟೆ. ಚೆಲ್ಲಾಪಿಲ್ಲಿಯಾಗಿದ್ದ ಒಂದು ಹಲ್ಲಿನ ವರ್ಕ್‌ಶಾಪಿಗೆ ತಾನು ಹೋಗಿ ಕೆಲಸ ಮಾಡೋದು ಹೇಗೆ ಅಂತ ಹೇಳಿಕೊಟ್ಟನಂತೆ. ಮೂವತ್ತು ಗೂಡಿನ ಪರದೆ ತೋರಿಸಿ, ಇದು ನಮ್ಮ ಪದ್ಧತಿಯಿಂದ ಹುಟ್ಟಿದ್ದು ಅಂದ. ನೀವು 'ಮುಗೀತು' ಅಂದ್ರೇನು ಅಂತ ಹೇಳಿದ್ರಲ್ಲ, ಆ ಹಸಿರು ಚೀಟಿ ಫೋಟೋನೂ ತೋರಿಸಿದ, ತನ್ನ ಮಾತು ಅನ್ನೋ ಹಾಗೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು."

ಭಾವ ಪ್ಲಾಸ್ಟರಿನ ಬಟ್ಟಲನ್ನು ಕುಕ್ಕಿ ಇಟ್ಟ. ಹಲ್ಲಮ್ಮ ಚಾಕು ಕೆಳಗಿಟ್ಟಳು. ಥೂ, ಎಂದಳು. ಒಂದೇ ಸಲ, ಗಟ್ಟಿಯಾಗಿ. ಆಮೇಲೆ ಕೇಳಿದಳು:

"ಮಾತಾಡೋವಾಗ ಹಲ್ಲು ಅಲ್ಲಾಡ್ತಾ?"

"ಹಲ್ಲಾ? ಇಲ್ಲ."

"ಗಾಳಿ ಸೋರ್ತಾ? ಕೈ ಬಾಯಿ ಹತ್ರ ಹೋಗ್ತಾ ಇತ್ತಾ?"

"ಒಂದ್ಸಲಾನೂ ಇಲ್ಲಮ್ಮಾ. ಕೊನೇಲಿ ಬಾಯ್ತುಂಬಾ ನಕ್ಕ ಬೇರೆ. ಯಾವುದು ಕಟ್ಟಿಸಿದ್ದು ಅಂತ ಹತ್ರದಿಂದ ನೋಡಿದ್ರೂ ನಂಗೆ ಗೊತ್ತಾಗ್ಲಿಲ್ಲ."

ಹಲ್ಲಮ್ಮ ಎದ್ದು ಕಿಟಕಿಯ ಹತ್ತಿರ ಹೋದಳು. ಕಟ್ಟೆಯ ಮೇಲಿದ್ದ ಟ್ರೇ ಎತ್ತಿ, ನಂಬರಿನ ಚೀಟಿ ತೆಗೆದು ಬುಟ್ಟಿಗೆ ಹಾಕಿದಳು. ತೊಳೆಯಲು ಬೇರೆಯವರಿದ್ದರು, ಆದರೆ ಅದನ್ನು ತಾನೇ ನಲ್ಲಿಯ ಕೆಳಗೆ ಹಿಡಿದಳು.